ಪಥ್ಯಕ್ಕೂ ಅಳತೆ ಬರೆಯಿರಿ

ಮಾನ್ಯ ಸಂಪಾದಕರೇ,

ಸಕ್ಕರೆ ಕಾಯಿಲೆ, ಬಿ.ಪಿ., ಕೊಲೆಸ್ಟ್ರಾಲ್, ಫ್ಯಾಟಿ ಲಿವರ್. ಇವುಗಳಲ್ಲಿ ಯಾವುದಕ್ಕೆ ವೈದ್ಯರ ಬಳಿ ಹೋದರೂ ಚೀಟಿಯ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ‘ಡಯಟ್ ಕಂಟ್ರೋಲ್, ವಾಕಿಂಗ್’. ಅದೇ ಚೀಟಿಯ ಮೇಲ್ಭಾಗದಲ್ಲಿ ಮೆಟ್‌ಫಾರ್ಮಿನ್ 500 ಮಿ.ಗ್ರಾಂ., ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ನಂತರ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಊಟಕ್ಕೂ ನಡಿಗೆಗೂ ಮಾತ್ರ ಎಷ್ಟು, ಯಾವಾಗ, ವಾರಕ್ಕೆ ಎಷ್ಟು ಸಲ ಎಂಬುದು ಇರುವುದಿಲ್ಲ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲೂ ‘ರಾಗಿ ತಿನ್ನಿ, ಸಿರಿಧಾನ್ಯ ಬಳಸಿ, ಎಣ್ಣೆ ಕಡಿಮೆ ಮಾಡಿ’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅಳತೆಯಿಲ್ಲದ ಪಥ್ಯವನ್ನು ಪಾಲಿಸುವುದೂ ಕಷ್ಟ, ಪಾಲಿಸಿದ್ದರಿಂದ ಏನಾಯಿತೆಂದು ತಿಳಿಯುವುದೂ ಕಷ್ಟ. ಬೆಂಗಳೂರಿನ ಮನೆಗಳ ತಟ್ಟೆಯನ್ನೂ ಇಲ್ಲಿನ ರಸ್ತೆಗಳನ್ನೂ ಎದುರಿಗಿಟ್ಟುಕೊಂಡು ಆ ಅಳತೆಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಯಿತೆಂದು ಅಳತೆಗಳನ್ನು ಕತ್ತರಿಸಬೇಡಿ ಎಂದು ವಿನಂತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಧುಮೇಹ ಸಮೀಕ್ಷೆ ‘ಇಂಡಿಯಾಬ್’ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರಲ್ಲಿ ಶೇ 35ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡವಿದೆ. ಹೊಸ್ತಿಲಲ್ಲಿರುವವರು, ಅಂದರೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಇರುವವರು, ಒಳಗೆ ಕಾಲಿಡದಂತೆ ತಡೆಯಬಹುದು ಎಂಬುದು ಊಹೆಯ ಮಾತಲ್ಲ. ಅಮೆರಿಕದಲ್ಲಿ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಊಟ ಮತ್ತು ವ್ಯಾಯಾಮದ ಬದಲಾವಣೆಯಿಂದ ಮಧುಮೇಹಕ್ಕೆ ತಿರುಗುವವರ ಪ್ರಮಾಣ ಶೇ 58ರಷ್ಟು ತಗ್ಗಿತು. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಶೇ 28.5. ಎರಡೂ ಕಡೆ ಬರೀ ‘ಡಯಟ್ ಮಾಡಿ’ ಎಂದು ಹೇಳಿ ಕಳಿಸಲಿಲ್ಲ. ಅಮೆರಿಕದ ಪ್ರಯೋಗದಲ್ಲಿ ಗುರಿ ಅಂಕಿಯಲ್ಲೇ ಇತ್ತು: ದೇಹದ ತೂಕದಲ್ಲಿ ಶೇ 7ರಷ್ಟು ಇಳಿಕೆ, ವಾರಕ್ಕೆ 150 ನಿಮಿಷದ ಬಿರುಸು ನಡಿಗೆ. 75 ಕೆ.ಜಿ. ತೂಗುವವರಿಗೆ ಅದು ಸುಮಾರು 5 ಕೆ.ಜಿ. ಆಗುತ್ತದೆ. ಭಯಪಡುವಷ್ಟು ದೊಡ್ಡ ಗುರಿಯೇನಲ್ಲ.

ಮೊದಲು ರಾಗಿಯ ವಿಷಯ. ಈ ಊರಿನಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆಯೇ. ರಾಗಿ ನಿಜಕ್ಕೂ ಒಳ್ಳೆಯ ಧಾನ್ಯ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಸುಣ್ಣದ ಅಂಶ 350 ಮಿ.ಗ್ರಾಂ. ಆಸುಪಾಸು, ಇನ್ನಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಆದರೆ ಪಿಷ್ಟದ ಲೆಕ್ಕ ತೆಗೆದರೆ ರಾಗಿಯಲ್ಲಿ 67 ಗ್ರಾಂ, ಅಕ್ಕಿಯಲ್ಲಿ 78 ಗ್ರಾಂ. ವ್ಯತ್ಯಾಸ ಇಷ್ಟೇ. ರಕ್ತದಲ್ಲಿ ಸಕ್ಕರೆಯಾಗುವುದು ಈ ಪಿಷ್ಟವೇ. ‘ಮುದ್ದೆ ತಾನೇ, ಎಷ್ಟಾದರೂ ತಿನ್ನಬಹುದು’ ಎಂದು ಎರಡು ಮುದ್ದೆ ನುಂಗಿದವರ ಸಕ್ಕರೆ ಅಕ್ಕಿ ತಿಂದವರಷ್ಟೇ ಏರುತ್ತದೆ. ಇಂಡಿಯಾಬ್ ತಂಡದವರೇ 2025ರಲ್ಲಿ ಪ್ರಕಟಿಸಿದ ಇನ್ನೊಂದು ವಿಶ್ಲೇಷಣೆ ಇದನ್ನೇ ಹೇಳುತ್ತದೆ. ಭಾರತೀಯರ ಊಟದ ಒಟ್ಟು ಕ್ಯಾಲರಿಯಲ್ಲಿ ಸುಮಾರು ಶೇ 62 ಪಿಷ್ಟದಿಂದ ಬರುತ್ತಿದೆ. ಒಟ್ಟು ಪ್ರಮಾಣ ತಗ್ಗಿಸದೆ ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದವರಲ್ಲಿ ಮಧುಮೇಹದ ಸಂಭವ ಕಡಿಮೆ ಕಾಣಲಿಲ್ಲ. ಪಿಷ್ಟದಿಂದ ಬರುವ ಕ್ಯಾಲರಿಯಲ್ಲಿ ಸ್ವಲ್ಪ ಭಾಗ ಕಾಳು, ಹಾಲು, ಮೊಸರಿನ ಪ್ರೋಟೀನಿಗೆ ತಿರುಗಿದಾಗ ಕಡಿಮೆ ಕಂಡಿತು. ನವಣೆ, ಸಾಮೆ, ಊದಲು, ಕೊರಲೆ ಎಲ್ಲಕ್ಕೂ ಈ ಮಾತು ಅನ್ವಯಿಸುತ್ತದೆ.

ರಾಗಿಯನ್ನು ಹೇಗೆ ಬೇಯಿಸುತ್ತೇವೆ ಎಂಬುದೂ ಮುಖ್ಯ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ, ಮಾಲ್ಟ್ ತೆಳ್ಳಗಿರುವುದರಿಂದ ಹೊಟ್ಟೆಯಲ್ಲಿ ನಿಲ್ಲದೆ ಬೇಗ ಕರುಳಿಗೆ ಇಳಿಯುತ್ತದೆ, ಸಕ್ಕರೆಯೂ ಬೇಗ ಏರುತ್ತದೆ. ಮಧುಮೇಹಿಗಳಿಗೆ ಬೆಳಗಿನ ತಿಂಡಿಯ ಬದಲು ಒಂದು ದೊಡ್ಡ ಲೋಟ ರಾಗಿ ಗಂಜಿ ಕುಡಿಯಿರಿ ಎಂದು ಹೇಳುವುದನ್ನು ನಿಲ್ಲಿಸಬೇಕು. ಸೊಪ್ಪು, ಈರುಳ್ಳಿ, ಕ್ಯಾರೆಟ್ ತುರಿ ಸೇರಿಸಿ ತಟ್ಟಿದ ರಾಗಿ ರೊಟ್ಟಿ ಅದಕ್ಕಿಂತ ಎಷ್ಟೋ ವಾಸಿ.

ಹಾಗಾದರೆ ಎಷ್ಟು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ 2000 ಕ್ಯಾಲರಿಯ ದಿನದ ಊಟಕ್ಕೆ ಕೊಡುವ ಲೆಕ್ಕ ಹೀಗಿದೆ: ಎಲ್ಲ ಧಾನ್ಯ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಬೀಜಗಳು 35 ಗ್ರಾಂ, ಎಣ್ಣೆ ತುಪ್ಪ ಸೇರಿ 27 ಗ್ರಾಂ. ಧಾನ್ಯ, ಬೇಳೆಯ ತೂಕವೆಲ್ಲ ಬೇಯಿಸುವ ಮುಂಚಿನದು. ಈಗ ನಮ್ಮ ಊಟವನ್ನು ಪಕ್ಕದಲ್ಲಿಟ್ಟು ನೋಡಿ. ಮಧ್ಯಾಹ್ನದ ಒಂದು ದೊಡ್ಡ ಮುದ್ದೆಗೆ ಸುಮಾರು 120 ಗ್ರಾಂ ಹಿಟ್ಟು ಹೋಗುತ್ತದೆ. ಅದರ ಮೇಲೆ ಸಾರಿಗೊಂದಿಷ್ಟು ಅನ್ನ, ಹುಳಿಗೊಂದಿಷ್ಟು, ಕೊನೆಗೆ ಮೊಸರನ್ನ. ಮೂರು ಸುತ್ತಿಗೆ ಅಕ್ಕಿ 75 ಗ್ರಾಂಗೆ ಕಡಿಮೆಯಿಲ್ಲ. ಬೆಳಗಿನ ಇಡ್ಲಿ ದೋಸೆಯಲ್ಲಿ 75 ಗ್ರಾಂ, ರಾತ್ರಿಯ ಮೂರು ಚಪಾತಿ ಮತ್ತು ಒಂದು ತುತ್ತು ಅನ್ನದಲ್ಲಿ 120 ಗ್ರಾಂ. ಒಟ್ಟು 390 ಗ್ರಾಂ! ಕೂತು ಕೆಲಸ ಮಾಡುವವರಿಗೆ 250 ಗ್ರಾಂ ಕೂಡ ಹೆಚ್ಚೇ. ತೂಕ ಇಳಿಸಬೇಕಾದವರಿಗೆ ನಾವು ಹೇಳುವುದು ಬೆಳಿಗ್ಗೆ 50, ಮಧ್ಯಾಹ್ನ 70, ರಾತ್ರಿ 50 ಗ್ರಾಂ. 70 ಗ್ರಾಂ ಹಿಟ್ಟಿನ ಮುದ್ದೆ ಚಿಕ್ಕ ಕಿತ್ತಳೆಯ ಗಾತ್ರವಿರುತ್ತದೆ. ಅದನ್ನು ತಿಂದ ದಿನ ಅನ್ನವಿಲ್ಲ. ಅನ್ನ ಉಣ್ಣುವ ದಿನ ಮುದ್ದೆಯಿಲ್ಲ, ಮತ್ತು ಅನ್ನ ಒಂದೇ ಸುತ್ತು. ಉಳಿದ ಸಾರನ್ನು ಬಟ್ಟಲಿನಲ್ಲಿ ಕುಡಿಯಬಹುದು, ಮೊಸರನ್ನು ಸೌತೆಕಾಯಿ ಹಾಕಿ ಹಾಗೇ ತಿನ್ನಬಹುದು. ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದು ಎರಡು ವಾರ ಹಿಟ್ಟು, ಅಕ್ಕಿ ತೂಗಿ ಹಾಕಿದರೆ ಸಾಕು, ಆಮೇಲೆ ಕೈಗೆ ಅಂದಾಜು ಬಂದುಬಿಡುತ್ತದೆ.

‘ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ’ ಎಂಬ ಮಾತನ್ನು ಮುದ್ದೆಯ ಹೊಗಳಿಕೆಗೆ ಎಲ್ಲರೂ ಹೇಳುತ್ತಾರೆ. ಅಂಥ ಮುದ್ದೆ ಉಂಡವರು ಹೊಲ ಉತ್ತು, ಬಾವಿ ತೋಡಿ, ಮೂಟೆ ಹೊತ್ತವರು. ಔಟರ್ ರಿಂಗ್ ರೋಡಿನಲ್ಲಿ ಒಂಬತ್ತು ಗಂಟೆ ಕುರ್ಚಿಯಲ್ಲೂ ಎರಡು ಗಂಟೆ ಟ್ರಾಫಿಕ್‌ನಲ್ಲೂ ಕೂರುವವರಿಗೆ ಅದೇ ಗಾತ್ರದ ಮುದ್ದೆ ಸಲ್ಲುವುದಿಲ್ಲ.

ಧಾನ್ಯ ಕಡಿಮೆ ಮಾಡಿದಾಗ ಆ ಜಾಗಕ್ಕೆ ಬೇರೇನೂ ಬರದಿದ್ದರೆ ನಾಲ್ಕು ಗಂಟೆಗೆ ಹಸಿವು ಹಿಡಿದು ಬನ್ನು, ಬೋಂಡಕ್ಕೆ ಕೈ ಹೋಗುತ್ತದೆ. ಹೆಚ್ಚಿನವರ ಪಥ್ಯ ಮೂರನೇ ವಾರಕ್ಕೆ ಮುರಿಯುವುದು ಇಲ್ಲಿಯೇ. ಆ ಜಾಗಕ್ಕೆ ಬರಬೇಕಾದ್ದು ತರಕಾರಿ ಮತ್ತು ಪ್ರೋಟೀನ್. ತಲೆಗೆ 400 ಗ್ರಾಂ ತರಕಾರಿ ಎಂದರೆ ನಾಲ್ವರ ಮನೆಗೆ ದಿನಕ್ಕೆ ಒಂದೂವರೆ ಕೆ.ಜಿ.ಗೂ ಹೆಚ್ಚು, ಅದರಲ್ಲಿ ಕಾಲು ಭಾಗ ಸೊಪ್ಪು. ಆಲೂಗಡ್ಡೆ, ಗೆಣಸು, ಸುವರ್ಣಗೆಡ್ಡೆ ಈ ಲೆಕ್ಕಕ್ಕೆ ಸೇರುವುದಿಲ್ಲ. ತಟ್ಟೆಯ ಮೂಲೆಯಲ್ಲಿ ಎರಡು ಚಮಚ ಪಲ್ಯ ಬಡಿಸುವ ರೂಢಿ ಹೋಗಿ ಅರ್ಧ ತಟ್ಟೆ ಪಲ್ಯ ಬರಬೇಕು. ಬಸ್ಸಾರು ಮಾಡಿದ ದಿನ ಇದು ಸುಲಭ, ಬಸಿದ ಸೊಪ್ಪು ಕಾಳಿನ ಪಲ್ಯ ಹೇರಳವಾಗಿರುತ್ತದೆ.

ಪ್ರೋಟೀನಿನ ಬಗ್ಗೆ ಬೇಳೆ ಸಾರು ತಿನ್ನುತ್ತೇವಲ್ಲ ಎಂದು ಸಮಾಧಾನಪಡುವವರೇ ಹೆಚ್ಚು. ನಾಲ್ವರ ಸಾರಿಗೆ ಒಂದು ಹಿಡಿ, ಅಂದರೆ 40 ಗ್ರಾಂ ತೊಗರಿಬೇಳೆ ಹಾಕಿದರೆ ಒಬ್ಬರ ಪಾಲಿಗೆ 10 ಗ್ರಾಂ ಬೇಳೆ ಬಂತು. ಅದರಲ್ಲಿ ಪ್ರೋಟೀನ್ ಕೇವಲ 2 ಗ್ರಾಂ. 60 ಕೆ.ಜಿ. ತೂಗುವವರಿಗೆ ದಿನಕ್ಕೆ ಬೇಕಾದದ್ದು 50 ಗ್ರಾಂ. ಧಾನ್ಯದಿಂದ 15, ಹಾಲು ಮೊಸರಿನಿಂದ 10 ಬಂದರೆ ಉಳಿದ 25 ಗ್ರಾಂ ಕಾಳು, ಬೀಜ, ಮೊಟ್ಟೆ, ಮೀನಿನಿಂದಲೇ ಬರಬೇಕು. 85 ಗ್ರಾಂ ಹೆಸರುಕಾಳು, ಹುರುಳಿ, ಕಡಲೆಕಾಳು ಅಥವಾ ಬೇಳೆ ಸುಮಾರು 18 ಗ್ರಾಂ ಕೊಡುತ್ತದೆ. ಒಂದು ಹಿಡಿ ಕಡಲೆಕಾಯಿ ಬೀಜ 7 ಗ್ರಾಂ, ಒಂದು ಮೊಟ್ಟೆ 6 ಗ್ರಾಂ, 30 ಗ್ರಾಂ ಸೋಯಾ ಚಂಕ್ಸ್ 15 ಗ್ರಾಂ. ಇವುಗಳಲ್ಲಿ ಒಂದೂ ದುಬಾರಿ ಪುಡಿಯ ಡಬ್ಬಿಯಲ್ಲಿ ಬರುವಂಥದ್ದಲ್ಲ. ಅವರೆಕಾಯಿ ಕಾಲದಲ್ಲಂತೂ ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿತಕಿದ ಅವರೆಬೇಳೆಯನ್ನು ಎಣ್ಣೆಯಲ್ಲಿ ಕರಿದು ಮಿಕ್ಸ್ಚರ್ ಮಾಡದೆ ಸಾರು, ಉಸಲಿಯಲ್ಲಿ ತಿಂದರೆ ಆಯಿತು.

ತಿನ್ನುವ ಕ್ರಮಕ್ಕೂ ಬೆಲೆಯಿದೆ. ಮೊದಲು ತರಕಾರಿ ಮತ್ತು ಕಾಳು, ಹತ್ತು ನಿಮಿಷದ ನಂತರ ಅನ್ನ ಅಥವಾ ಮುದ್ದೆ. ಹೀಗೆ ತಿಂದಾಗ ಊಟದ ನಂತರದ ಸಕ್ಕರೆಯ ಏರಿಕೆ ಗಮನಾರ್ಹವಾಗಿ ತಗ್ಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಎಲೆಯ ಊಟದಲ್ಲಿ ಅನ್ನಕ್ಕಿಂತ ಮುಂಚೆ ಕೋಸಂಬರಿ, ಪಲ್ಯ ಬಡಿಸುವ ಪದ್ಧತಿ ನಮ್ಮಲ್ಲೇ ಇದೆ. ಬಡಿಸಿದ್ದನ್ನು ಅನ್ನ ಬರುವವರೆಗೆ ಮುಟ್ಟದೆ ಕೂರುವುದನ್ನು ಬಿಟ್ಟರೆ ಸಾಕು. ಹೆಸರುಬೇಳೆ ಕೋಸಂಬರಿಗೆ ನೆನೆಸುವ ಬೇಳೆ ತಲೆಗೆ 20 ಗ್ರಾಂ ಇರಲಿ.

ಹೊರಗಿನ ತಿಂಡಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ, ಖಾರಾಬಾತ್ ಜೊತೆ ಕೇಸರಿಬಾತ್ ಏನು ಮಾಡುತ್ತದೆಂದು ಎಲ್ಲರಿಗೂ ಗೊತ್ತು. ದರ್ಶಿನಿಯಲ್ಲಿ ತಿನ್ನಲೇಬೇಕಾದರೆ ಎರಡು ಇಡ್ಲಿ, ಎರಡು ಬಟ್ಟಲು ಸಾಂಬಾರು, ಚಟ್ನಿ ಸ್ವಲ್ಪ. ತಟ್ಟೆ ಇಡ್ಲಿಯನ್ನು ‘ಒಂದೇ ಇಡ್ಲಿ’ ಎಂದು ಎಣಿಸಬೇಡಿ, ಅದು ಎರಡು ಮೂರು ಸಾಮಾನ್ಯ ಇಡ್ಲಿಗೆ ಸಮ. ಕಾಫಿಯ ಲೆಕ್ಕ ಮಾತ್ರ ಹೇಳಲೇಬೇಕು. ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಕಾಫಿ ಎಂದರೆ 40 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆ ಒಳ್ಳೆಯದೆನ್ನುವ ಮಿತಿ ಇಡೀ ದಿನಕ್ಕೆ ಸುಮಾರು 25 ಗ್ರಾಂ. ಈಚೆಗೆ ಬೆಲ್ಲದ ಕಾಫಿ, ಬೆಲ್ಲದ ಟೀ ಎಂಬ ಬೋರ್ಡುಗಳು ಎಲ್ಲೆಡೆ ಕಾಣುತ್ತಿವೆ. ಬೆಲ್ಲವೂ ಬಹುಪಾಲು ಸುಕ್ರೋಸೇ, ರಕ್ತದಲ್ಲಿ ಅದರ ವರ್ತನೆ ಸಕ್ಕರೆಯಂತೆಯೇ. ಜೇನೂ ಅಷ್ಟೇ. ‘ಮಿಲೆಟ್ ಬಿಸ್ಕತ್ತು’ ಕೊಳ್ಳುವ ಮುನ್ನ ಪೊಟ್ಟಣ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ತೂಕವಿರುವ ಪದಾರ್ಥ ಮೊದಲು ಬರುತ್ತದೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಮೊದಲ ಮೂರು ಸ್ಥಾನದಲ್ಲಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ.

ಉಪ್ಪಿಗೆ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ತಲೆಗೆ ದಿನಕ್ಕೆ 5 ಗ್ರಾಂ, ಅಂದರೆ ಮಟ್ಟಸವಾದ ಒಂದು ಟೀ ಚಮಚ, ಮಿತಿ. ನಾಲ್ವರಿಗೆ 20 ಗ್ರಾಂ. ಒಂದು ಕೆ.ಜಿ. ಪೊಟ್ಟಣ 50 ದಿನ ಬರಬೇಕು. ಹೋಟೆಲು, ಚಿಪ್ಸ್, ಬ್ರೆಡ್ಡಿನಲ್ಲಿ ಬೇರೆ ಉಪ್ಪು ಹೋಗುವುದರಿಂದ ನಿಜವಾಗಿ ಎರಡು ತಿಂಗಳು ಬರಬೇಕು. ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ತಿಂಗಳಿಗೇ ಮುಗಿದರೆ ಬಿ.ಪಿ. ಮಾತ್ರೆ ಯಾಕೆ ಕೆಲಸ ಮಾಡುತ್ತಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಚಪಾತಿ ಹಿಟ್ಟು, ಮುದ್ದೆಯ ಎಸರು, ಮಜ್ಜಿಗೆ, ಹೆಚ್ಚಿದ ಸೌತೆಕಾಯಿ, ಇವಕ್ಕೆ ಉಪ್ಪು ಬೇಕಾಗಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಪುಳಿಯೋಗರೆ ಗೊಜ್ಜು ಹಬ್ಬಕ್ಕಿರಲಿ. ನಾಲಿಗೆ ಕೆಲವೇ ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ನಿಂಬೆರಸ, ಮೆಣಸು, ಹುಣಸೆ ಆ ದಿನಗಳನ್ನು ದಾಟಿಸುತ್ತವೆ. ಕಡಿಮೆ ಸೋಡಿಯಂ ಉಪ್ಪಿನಿಂದ ಪಾರ್ಶ್ವವಾಯು ತಗ್ಗಿದ್ದನ್ನು ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ, ಬಳಸಬಹುದು. ಆದರೆ ಅದರಲ್ಲಿರುವುದು ಪೊಟ್ಯಾಸಿಯಂ. ಮೂತ್ರಪಿಂಡದ ತೊಂದರೆ ಇರುವವರು, ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಎಂಬ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ಎಣ್ಣೆಗೂ ಇದೇ ಬಗೆಯ ಲೆಕ್ಕ. ನಾಲ್ವರ ಮನೆಗೆ ತಿಂಗಳಿಗೆ ತುಪ್ಪ, ಬೆಣ್ಣೆ ಎಲ್ಲ ಸೇರಿ ಮೂರೂವರೆ ಲೀಟರ್ ಗರಿಷ್ಠ. ತೂಕ ಇಳಿಸುವವರಿದ್ದರೆ ಇನ್ನೂ ಕಡಿಮೆ.

ಇನ್ನು ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ. ಎಷ್ಟು ಬಿರುಸು ಎಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿಮಿಷಕ್ಕೆ ಸುಮಾರು 100 ಹೆಜ್ಜೆ. ಬೆಳಿಗ್ಗೆ ಲಾಲ್‌ಬಾಗ್, ಕಬ್ಬನ್ ಪಾರ್ಕಿನಲ್ಲಿ ಗುಂಪಾಗಿ ಹರಟುತ್ತ ಸಾಗುವುದು ಮನಸ್ಸಿಗೆ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಮಧುಮೇಹಿಗಳಿಗೆ ಇದಕ್ಕಿಂತ ಉಪಯೋಗದ ಮಾತೊಂದಿದೆ. ಒಂದೇ ಸಲ 30 ನಿಮಿಷ ನಡೆಯುವುದಕ್ಕಿಂತ ಮೂರೂ ಊಟದ ನಂತರ ಹತ್ತು ಹತ್ತು ನಿಮಿಷ ನಡೆದರೆ ಊಟದ ನಂತರದ ಸಕ್ಕರೆ ಹೆಚ್ಚು ಇಳಿಯುತ್ತದೆ, ಅದರಲ್ಲೂ ರಾತ್ರಿ ಊಟದ ನಂತರ. ಕಾರಣವಿದೆ: ಊಟವಾಗಿ ಸಕ್ಕರೆ ಏರುತ್ತಿರುವಾಗ ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಒಂಬತ್ತೂವರೆಗೆ ಊಟ ಮಾಡಿ ನೇರ ಹಾಸಿಗೆಗೆ ಹೋಗುವ ಮನೆಗಳು ಲೆಕ್ಕವಿಲ್ಲದಷ್ಟು. ಊಟವನ್ನು ಎಂಟಕ್ಕೆ ತಂದು, ಹತ್ತು ನಿಮಿಷ ಮನೆಯ ತಾರಸಿಯಲ್ಲೋ ಅಪಾರ್ಟ್‌ಮೆಂಟಿನ ಪಡಸಾಲೆಯಲ್ಲೋ ನಡೆದರೂ ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆಯಲ್ಲಿ ವ್ಯತ್ಯಾಸ ಕಾಣುವವರಿದ್ದಾರೆ.

ತಾರಸಿ, ಪಡಸಾಲೆ ಎಂದು ಬರೆಯಬೇಕಾಗಿ ಬಂದದ್ದು ನೋವಿನ ಸಂಗತಿ. ಎತ್ತಿಟ್ಟ ಚಪ್ಪಡಿ, ಅಡ್ಡ ನಿಂತ ಸ್ಕೂಟರು, ಕಾಲಿಗೆ ತಾಗುವ ಕೇಬಲ್, ಟ್ರಾನ್ಸ್‌ಫಾರ್ಮರ್ ಕಟ್ಟೆಗಳ ನಡುವೆ ಅರವತ್ತು ದಾಟಿದವರಿಗೆ ರಾತ್ರಿ ಹೊರಗೆ ನಡೆಯಿರಿ ಎಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಸೊಂಟದ ಮೂಳೆ ಮುರಿದರೆ ಮಧುಮೇಹಕ್ಕಿಂತ ಬೇಗ ಮಲಗಿಸುತ್ತದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಐದೂ ಪಾಲಿಕೆಗಳು ಪ್ರತಿ ವಾರ್ಡಿನಲ್ಲಿ ಒಂದು ಕಿಲೋಮೀಟರ್ ಪಾದಚಾರಿ ಮಾರ್ಗವನ್ನಾದರೂ ಎಡವದಂತೆ, ದೀಪವಿರುವಂತೆ ಮಾಡಿ, ಉದ್ಯಾನಗಳನ್ನು ರಾತ್ರಿ ಊಟದ ಹೊತ್ತಿನವರೆಗೆ ತೆರೆದಿಟ್ಟರೆ ಅದು ನೇರವಾಗಿ ರೋಗ ತಡೆಯುವ ಕೆಲಸ.

ನಡಿಗೆಯೊಂದೇ ಸಾಲದು ಎಂಬುದನ್ನು ಚೀಟಿಗಳಲ್ಲಿ ನಾವು ಕಂಡದ್ದೇ ಅಪರೂಪ. ಊಟದಿಂದ ಬಂದ ಸಕ್ಕರೆಯ ದೊಡ್ಡ ಪಾಲು ಹೋಗಿ ಸೇರುವುದು ಸ್ನಾಯುವಿಗೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಇನ್ನೂ ಬೇಗ ಕರಗುತ್ತದೆ. ಆದ್ದರಿಂದ ವಾರಕ್ಕೆ ಎರಡು ಮೂರು ದಿನ ಬಲದ ವ್ಯಾಯಾಮ ಬೇಕೇ ಬೇಕು. ಜಿಮ್ ಬೇಕಾಗಿಲ್ಲ, ಗರಡಿಮನೆಯ ಬಸ್ಕಿಯನ್ನೇ ಸರಳ ಮಾಡಿಕೊಳ್ಳಬಹುದು. ಕೈಯಿಲ್ಲದ, ಜಾರದ ಕುರ್ಚಿಯನ್ನು ಗೋಡೆಗೆ ಒರಗಿಸಿಡಿ. ಅಂಚಿನಲ್ಲಿ ಕೂತು, ಪಾದಗಳನ್ನು ಭುಜದಗಲ ಇಟ್ಟು, ಕೈಗಳನ್ನು ಎದೆಯ ಮೇಲೆ ಮಡಿಸಿ, ಉಸಿರು ಬಿಡುತ್ತ ಎದ್ದು ನಿಲ್ಲಿ. ಮೂರು ಎಣಿಸುತ್ತ ನಿಧಾನವಾಗಿ ಕೂರಿ. ದೊಪ್ಪನೆ ಕೂತರೆ ಅರ್ಧ ಕೆಲಸ ವ್ಯರ್ಥ, ಸ್ನಾಯು ಬಲಗೊಳ್ಳುವುದು ಇಳಿಯುವಾಗಲೂ ಹೌದು. ಮಂಡಿ ಒಳಕ್ಕೆ ಬಾಗದೆ ಕಾಲ್ಬೆರಳುಗಳ ನೇರಕ್ಕಿರಲಿ. ಮೊದಲು 8 ಸಲದಂತೆ ಎರಡು ಸುತ್ತು, ತಿಂಗಳಲ್ಲಿ 12 ಸಲದಂತೆ ಮೂರು ಸುತ್ತಿಗೆ ಬನ್ನಿ. ಅದೂ ಸುಲಭವಾದಾಗ ಎರಡೂ ಕೈಯಲ್ಲಿ ಒಂದೊಂದು ಲೀಟರಿನ ನೀರಿನ ಬಾಟಲಿ ಹಿಡಿಯಿರಿ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರ ಹೆಚ್ಚಿಸಿ, ಬಾಗುವ ಕೋನ ಕಡಿಮೆಯಾಗುತ್ತದೆ. ಇದರ ಜೊತೆ ಗೋಡೆಗೆ ಅಂಗೈ ಊರಿ ದಂಡ, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಇವೂ 10ರಂತೆ ಎರಡು ಸುತ್ತು. ಒಟ್ಟು ಕಾಲು ಗಂಟೆ. ಒಂದು ದಿನ ಮಾಡಿದರೆ ಮರುದಿನ ಸ್ನಾಯುವಿಗೆ ಬಿಡುವು ಕೊಡಿ. ಯಾವ ವ್ಯಾಯಾಮವೂ ಇಲ್ಲದ ದಿನಗಳು ಮಾತ್ರ ಸತತ ಎರಡಕ್ಕಿಂತ ಹೆಚ್ಚಾಗಬಾರದು, ಅಷ್ಟರಲ್ಲಿ ವ್ಯಾಯಾಮದ ಫಲ ಇಳಿದುಹೋಗುತ್ತದೆ. ಎತ್ತುವಾಗ ಉಸಿರು ಬಿಗಿಹಿಡಿದರೆ ಬಿ.ಪಿ. ಧುತ್ತನೆ ಏರುತ್ತದೆ. ವಿಶ್ರಾಂತಿಯಲ್ಲೇ 180/110 ಮೀರಿದವರು ಮೊದಲು ಅದನ್ನು ಔಷಧದಿಂದ ಇಳಿಸಿಕೊಳ್ಳಬೇಕು.

ತಪ್ಪುಗಳು ಎಲ್ಲಾಗುತ್ತವೆ ಎಂಬುದು ಅಳತೆಯಷ್ಟೇ ಮುಖ್ಯ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಡಿಮೆ ಮಾಡಿ ನಡಿಗೆ ಹೆಚ್ಚಿಸಿದರೆ ಸಕ್ಕರೆ ಕುಸಿಯುತ್ತದೆ. ಆದ್ದರಿಂದ ಪಥ್ಯ ಶುರು ಮಾಡುವ ದಿನವೇ ವೈದ್ಯರೊಂದಿಗೆ ಮಾತ್ರೆಯ ಪ್ರಮಾಣವನ್ನೂ ಮಾತಾಡಿ. ನಡುಕ, ಬೆವರು, ಕಣ್ಣು ಮಂಜಾಗುವುದು ಕಂಡರೆ, ಗ್ಲೂಕೋಮೀಟರಿನಲ್ಲಿ ಸಕ್ಕರೆ 70ಕ್ಕಿಂತ ಕಡಿಮೆ ಇದ್ದರೆ, ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ. ಚಾಕೊಲೇಟು, ಬಿಸ್ಕತ್ತು ಬೇಡ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ನುಂಗುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅದು ಒಡೆಯುವುದನ್ನೇ ಆ ಔಷಧ ತಡೆಯುತ್ತದೆ. ಅವರ ಜೇಬಿನಲ್ಲಿ ಗ್ಲೂಕೋಸ್ ಪುಡಿಯೇ ಇರಬೇಕು. ಇದನ್ನು ಔಷಧದಂಗಡಿಯವರಾದರೂ ಒಂದು ಮಾತು ಹೇಳಿ ಕಳಿಸಬೇಕು.

ಏಕಾದಶಿ, ಶ್ರಾವಣ ಶನಿವಾರಗಳ ಉಪವಾಸದಲ್ಲಿ ಎರಡು ಬಗೆಯ ಅಪಾಯವಿದೆ. ಉಪವಾಸದ ಹೆಸರಿನ ಅವಲಕ್ಕಿ, ಸಬ್ಬಕ್ಕಿ ಬರೀ ಪಿಷ್ಟ, ಸಕ್ಕರೆ ಏರಿಸುತ್ತದೆ. ನಿಜವಾಗಿಯೇ ಏನೂ ತಿನ್ನದವರಿಗೆ, ಅಥವಾ ಕೀಟೊ ಎಂದು ಪಿಷ್ಟವನ್ನೇ ಬಿಟ್ಟವರಿಗೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಜೊತೆಗಿದ್ದರೆ ರಕ್ತದಲ್ಲಿ ಕೀಟೋನ್ ಆಮ್ಲ ಶೇಖರವಾಗುವ ಭಯವಿದೆ. ಆಗ ಮೀಟರಿನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚಿರದೆ ವಾಂತಿ, ಹೊಟ್ಟೆನೋವು, ಏದುಸಿರು ಕಾಣಿಸಬಹುದು. ಅದು ಆಸ್ಪತ್ರೆಗೆ ಓಡಬೇಕಾದ ಲಕ್ಷಣ.

ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆಯುವುದು, ಬಿಸಿಲಿನ ಕಲ್ಲಿನ ಮೇಲೆ ಪ್ರದಕ್ಷಿಣೆ ಹಾಕುವುದು ಬೇಡ, ಸುಟ್ಟದ್ದೂ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುನ್ನ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ಕಣ್ಣಿನ ಅಕ್ಷಿಪಟದಲ್ಲಿ ಹೊಸ ರಕ್ತನಾಳ ಬೆಳೆದವರಿಗೆ ಶೀರ್ಷಾಸನ, ಭಾರ ಎತ್ತುವುದು ಸಲ್ಲ. ಉದ್ಯಾನಗಳ ಗೇಟಿನ ಹೊರಗೆ ಮಾರುವ ಹಾಗಲ, ಸೋರೆ, ಗರಿಕೆ ರಸಗಳಿಂದ ಮಾತ್ರೆ ಬಿಟ್ಟವರೂ ಇದ್ದಾರೆ. ಸೋರೆ ರಸ ಕಹಿಯಾಗಿದ್ದರೆ ಒಂದು ಗುಟುಕೂ ಕುಡಿಯಬೇಡಿ. ಕಹಿ ಸೋರೆಯ ವಿಷದಿಂದ ಸಾವು ಸಂಭವಿಸಿದ್ದನ್ನು ಐಸಿಎಂಆರ್ ತಜ್ಞರ ಸಮಿತಿಯೇ ದಾಖಲಿಸಿದೆ. ಮೂತ್ರಪಿಂಡ ಸೋತವರಿಗೆ ಈ ಪತ್ರದ ಪ್ರೋಟೀನ್ ಲೆಕ್ಕ, ಎಳನೀರು, ಹಣ್ಣಿನ ರಸ ಯಾವುದೂ ಅನ್ವಯಿಸುವುದಿಲ್ಲ. ಅವರ ತಟ್ಟೆಯನ್ನು ಕ್ರಿಯಾಟಿನಿನ್, ಪೊಟ್ಯಾಸಿಯಂ ನೋಡಿಯೇ ನಿರ್ಧರಿಸಬೇಕು.

ಪಥ್ಯ ಫಲಿಸುತ್ತಿದೆಯೇ ಎಂದು ತಿಳಿಯಲು ಮೂರು ತಿಂಗಳು ಕಾಯಬೇಕಾಗಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ತಿನ್ನುವ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಒಂದು ದಿನ ಎಂದಿನ ಮುದ್ದೆ, ಇನ್ನೊಂದು ದಿನ 70 ಗ್ರಾಂ ಮುದ್ದೆ, ಮೊದಲು ಕೋಸಂಬರಿ, ಆಮೇಲೆ ಹತ್ತು ನಿಮಿಷ ನಡಿಗೆ. ಎರಡು ಅಂಕಿಗಳ ಅಂತರ ನಮ್ಮ ಯಾವ ಉಪದೇಶಕ್ಕಿಂತಲೂ ಚೆನ್ನಾಗಿ ಮನವರಿಕೆ ಮಾಡುತ್ತದೆ. ಮೀಟರ್ ಇಲ್ಲದವರು ಸರ್ಕಾರ ನಡೆಸುವ ನಮ್ಮ ಕ್ಲಿನಿಕ್‌ಗಳಲ್ಲಿ ಸಕ್ಕರೆ, ಬಿ.ಪಿ. ಉಚಿತವಾಗಿ ನೋಡಿಸಬಹುದು. ಬಿ.ಪಿ.ಗೆ ಐದು ನಿಮಿಷ ಬೆನ್ನು ಒರಗಿಸಿ ಕೂತು, ತೋಳು ಎದೆಯ ಮಟ್ಟಕ್ಕಿಟ್ಟು, ಎರಡು ಸಲ ನೋಡಬೇಕು. ಅದಕ್ಕೆ ಅರ್ಧ ಗಂಟೆ ಮುಂಚೆ ಕಾಫಿ ಬೇಡ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆ.ಮೀ. ಒಳಗೆ ಬರಬೇಕು. ಎಚ್‌ಬಿಎ1ಸಿ ಒಂದನ್ನೇ ನಂಬಬೇಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಅದು ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುತ್ತಿರುವ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿ, ಕಾಲಿನ ಜೋಮಿಗೆ ಅದರ ಕೊರತೆಯೂ ಕಾರಣವಿರಬಹುದು. ತೂಕ ಇಳಿದ ಮೇಲೆ ಎದ್ದು ನಿಂತಾಗ ತಲೆ ತಿರುಗಿದರೆ ಬಿ.ಪಿ. ಮಾತ್ರೆ ಹೆಚ್ಚಾಗಿದೆ ಎಂದು ಅರ್ಥವಿರಬಹುದು. ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ.

ಹೋಟೆಲಿನವರಲ್ಲಿ ನಮ್ಮದೊಂದು ಕೋರಿಕೆ. ಮುದ್ದೆ ಊಟದಲ್ಲಿ ಅರ್ಧ ಮುದ್ದೆ, ದುಪ್ಪಟ್ಟು ಪಲ್ಯ ಎಂಬ ಆಯ್ಕೆಯನ್ನು ಬೋರ್ಡಿನಲ್ಲಿ ಬರೆಯಿರಿ, ಬೆಲೆ ಅದೇ ಇರಲಿ. ಮಿಲಿಟರಿ ಹೋಟೆಲುಗಳಲ್ಲೂ ಇದು ಸಾಧ್ಯ. ವೈದ್ಯಮಿತ್ರರಲ್ಲಿ ಕೋರುವುದು ಚೀಟಿಯ ಕೊನೆಯ ಸಾಲನ್ನು ಹೀಗೆ ಬದಲಿಸಿ ಎಂದು: ‘ಧಾನ್ಯ 50–70–50 ಗ್ರಾಂ, ಕಾಳು 85 ಗ್ರಾಂ, ಸೊಪ್ಪು ತರಕಾರಿ ಅರ್ಧ ತಟ್ಟೆ, ಉಪ್ಪು ಒಂದು ಚಮಚ, ಪ್ರತಿ ಊಟದ ನಂತರ 10 ನಿಮಿಷ ನಡಿಗೆ, ಸೋಮ, ಗುರು, ಶನಿ ಬಸ್ಕಿ 8ರಂತೆ ಎರಡು ಸುತ್ತು, ನಾಲ್ಕು ವಾರಕ್ಕೆ ಮತ್ತೆ ಬರುವುದು’. ಬರೆಯಲು ಎರಡು ನಿಮಿಷ ಸಾಕು, ರೋಗಿಯ ತೂಕ, ಮೂತ್ರಪಿಂಡದ ಸ್ಥಿತಿ ನೋಡಿ ಅಂಕಿ ತಿದ್ದಿದರಾಯಿತು.

ಇತಿ,
ಮಧುಮೇಹ ಮತ್ತು ರಕ್ತದೊತ್ತಡದ ಆರೈಕೆಯಲ್ಲಿ ತೊಡಗಿರುವ ವೈದ್ಯರು ಹಾಗೂ ಆಹಾರತಜ್ಞರು,
ಬೆಂಗಳೂರು